ಟಿಕೆಟ್ ಒಂದೇ, ಸ್ಪ್ಯಾನಿಷ್‌ನಲ್ಲಿ ಹೆಸರು ಹಲವು

ಪ್ರಶ್ನೆ: ಪ್ರವಾಸದ ಆ್ಯಪ್ ಒಂದನ್ನು ಇಂಗ್ಲಿಷಿನಿಂದ ಸ್ಪ್ಯಾನಿಷ್‌ಗೆ ಅನುವಾದ ಮಾಡುತ್ತಿದ್ದೇನೆ. ಅನುವಾದಿಸಬೇಕಾದ ಪದಗಳನ್ನು ಪಟ್ಟಿ ಮಾಡಿ ಕೊಟ್ಟ ಎಕ್ಸೆಲ್ ಶೀಟಿನಲ್ಲಿ ಹೆಜ್ಜೆಗೊಂದು ‘ಟಿಕೆಟ್’ ಇದೆ. ನಿಘಂಟಿನಲ್ಲಿ ಅದಕ್ಕೆ ಐದಾರು ಪದಗಳಿವೆ. ಮೊದಲನೆಯದನ್ನೇ ಎಲ್ಲ ಕಡೆ ಹಾಕಿದರೆ ಆಗಲ್ವಾ?

ಉತ್ತರ: ಆಗಲ್ಲ. ಮೊದಲನೆಯದು ‘ಬಿಯೆತೆ’ ಇರಬೇಕು. ಸ್ಪೇನಿನಲ್ಲಿ ರೈಲು, ಮೆಟ್ರೊ, ವಿಮಾನಕ್ಕೆ ಅದೇ ಸರಿ. ಅಲ್ಲಿನ ರೈಲು ಸಂಸ್ಥೆ ರೆನ್‌ಫೆ ಮಾರುವುದೂ ಬಿಯೆತೆಯನ್ನೇ. ಆದರೆ ಮ್ಯಾಡ್ರಿಡ್‌ನ ಪ್ರಾದೊ ಮ್ಯೂಸಿಯಂಗೆ ಹೋಗೋರು ಕೊಳ್ಳುವುದು ‘ಎಂತ್ರಾದಾ’. ಸಿನಿಮಾಕ್ಕೂ ಫುಟ್‌ಬಾಲ್ ಮ್ಯಾಚಿಗೂ ಅದೇ. ಪ್ರವೇಶ ಅಂತಲೇ ಅದರ ಅರ್ಥ. ಊರಿಗೆ ಕರೆದೊಯ್ಯೋದು ಬಿಯೆತೆ, ಬಾಗಿಲೊಳಗೆ ಬಿಡೋದು ಎಂತ್ರಾದಾ.

ಇದು ಸ್ಪೇನಿನ ಲೆಕ್ಕ. ಮೆಕ್ಸಿಕೊದಲ್ಲಿ ಬಸ್ಸಿಗೂ ಸಿನಿಮಾಕ್ಕೂ ‘ಬೊಲೆತೊ’. ಅರ್ಜೆಂಟೀನಾದಲ್ಲಿ ಸಿಟಿ ಬಸ್ಸಿಗೆ ಬೊಲೆತೊ, ವಿಮಾನಕ್ಕೆ ‘ಪಸಾಹೆ’, ಸಿನಿಮಾಕ್ಕೆ ಮತ್ತೆ ಎಂತ್ರಾದಾ. ಈ ಎರಡೂ ದೇಶಗಳಲ್ಲಿ ಬಿಯೆತೆ ಅಂದರೆ ಜನರಿಗೆ ಮೊದಲು ಹೊಳೆಯುವುದು ದುಡ್ಡಿನ ನೋಟು! ‘ಬಿಯೆತೆ ಕೊಳ್ಳಿ’ ಅಂತ ಬಟನ್ ಇಟ್ಟರೆ ನೋಟು ಮಾರೋ ಅಂಗಡಿ ಅಂದುಕೊಂಡಾರು. ಆದ್ದರಿಂದ ಆ್ಯಪ್ ಯಾವ ದೇಶದವರಿಗೆ ಅನ್ನೋದನ್ನು ಮೊದಲೇ ಕೇಳಿಕೊಳ್ಳಿ.

ಟ್ರಾಫಿಕ್ ಪೊಲೀಸ್ ಕೊಡುವ ಟಿಕೆಟ್ ‘ಮುಲ್ತಾ’, ಅಂದರೆ ದಂಡ. ಅಂಗಡಿಯ ಬಿಲ್ಲಿಗೆ ಸ್ಪೇನಿನಲ್ಲಿ ‘ತೀಕೆ’. ಲಾಟರಿಯದು ಇನ್ನೊಂದು ಕಥೆ. ಡಿಸೆಂಬರ್ 22ರ ಕ್ರಿಸ್‌ಮಸ್ ಲಾಟರಿಗೆ ಸ್ಪೇನಿನಲ್ಲಿ ಒಂದು ಬಿಯೆತೆಯನ್ನು ಹತ್ತು ಪಾಲು ಮಾಡಿ ಮಾರುತ್ತಾರೆ. ಜನ ಕೊಳ್ಳೋದು ಜಾಸ್ತಿ ಆ 20 ಯೂರೊದ ಪಾಲನ್ನೇ. ಅದರ ಹೆಸರು ‘ದೇಥಿಮೊ’, ಹತ್ತರಲ್ಲೊಂದು. ಇನ್ನು ನಮ್ಮ ರಾಜಕಾರಣಿಗಳು ಒದ್ದಾಡುವ ಪಕ್ಷದ ಟಿಕೆಟ್‌ಗೆ ಇದ್ಯಾವುದೂ ಒಗ್ಗಲ್ಲ. ಅಲ್ಲಿ ‘ಕಾಂದಿದಾತೂರಾ’ ಅನ್ನಬೇಕು. ಪ್ರವಾಸದ ಆ್ಯಪ್‌ಗೆ ಅದು ಬೇಕಾಗಲಿಕ್ಕಿಲ್ಲ, ಬಿಡಿ.

ಶೀಟಿನ ಒಂಟಿ ಪದ ನೋಡಿ ಸುಮ್ನೆ ಊಹಿಸಬೇಡಿ, ಆ ಪದ ಬರುವ ಪರದೆಯ ಸ್ಕ್ರೀನ್‌ಶಾಟ್ ಕೇಳಿ. ಆರಿಸಿದ ಪದವನ್ನು ಸ್ಪ್ಯಾನಿಷ್ ಕಡೆಯಿಂದಲೂ ನಿಘಂಟಿನಲ್ಲಿ ಹುಡುಕಿ. ಆಮೇಲೆ ಆ ದೇಶದ ಬಸ್ ಕಂಪನಿಯೋ ಥಿಯೇಟರೋ ತನ್ನ ವೆಬ್‌ಸೈಟಿನಲ್ಲಿ ಏನು ಬರೆದಿದೆ ನೋಡಿ. ನಾನು ನಿಘಂಟಿಗಿಂತ ಅದನ್ನೇ ಹೆಚ್ಚು ನಂಬುತ್ತೇನೆ.

ಕ್ರಿಯಾಪದದ ಮೇಲೂ ಒಂದು ಕಣ್ಣಿರಲಿ. ‘ತೆಗೆದುಕೊಳ್ಳಿ’ ಅನ್ನಲು ಸ್ಪೇನಿನವರು ಸಲೀಸಾಗಿ ಬಳಸುವ ‘ಕೊಹೆರ್’ ಮೆಕ್ಸಿಕೊ, ಅರ್ಜೆಂಟೀನಾಗಳಲ್ಲಿ ಅಶ್ಲೀಲ ಮಾತು. ಕೊಳ್ಳುವುದಕ್ಕೆ ‘ಕೊಂಪ್ರಾರ್’ ಹಾಕಿ, ಎಲ್ಲ ಕಡೆ ನಡೆಯುತ್ತದೆ.