ಲಿಸ್ಟೀರಿಯಾ ಬ್ಯಾಕ್ಟೀರಿಯಾದ ಪಿಆರ್‌ಎಫ್‌ಎ ಜೀನಿನ ಎಂಆರ್‌ಎನ್‌ಎ (ಪ್ರೋಟೀನ್ ಮಾಡಲು ಜೀನಿನಿಂದ ತೆಗೆದ ಪ್ರತಿ) 30 ಡಿಗ್ರಿಯಲ್ಲೂ ಸಿಗುತ್ತಿದೆ, ಪ್ರೋಟೀನ್ ಮಾತ್ರ 37ರಲ್ಲಿ. ಎಂಆರ್‌ಎನ್‌ಎ ಅಳೆಯುವ ಆರ್‌ಟಿ-ಪಿಸಿಆರ್ ಕಿಟ್ ಬದಲಿಸಬೇಕಾ?

ಕಿಟ್ ಬದಲಿಸಬೇಡಿ. ನಿಮ್ಮ ಲಿಸ್ಟೀರಿಯಾ ಸರಿಯಾಗೇ ಇದೆ, ಕಿಟ್ಟೂ ಸರಿಯಾಗೇ ಇದೆ. ಇದೇ ಪಿಆರ್‌ಎಫ್‌ಎ ಜೀನ್ ಹಿಂದೆ ಬಿದ್ದು ನಾನು ಎಂಟು ತಿಂಗಳು ಕಳೆದುಕೊಂಡಿದ್ದೇನೆ.

ನನಗೂ ಎರಡೂ ತಾಪಮಾನದಲ್ಲಿ ಎಂಆರ್‌ಎನ್‌ಎ ಸಿಕ್ಕಿತ್ತು. ಡಿಎನ್‌ಎ ಉಳಿದುಕೊಂಡಿರಬೇಕು ಅಂತ ಅದನ್ನು ಕತ್ತರಿಸುವ ಡಿಎನ್‌ಏಸ್ ಕಿಣ್ವವನ್ನು ಮೂರು ಸಲ ಹಾಕಿದೆ. ಏನೂ ಬದಲಾಗಲಿಲ್ಲ. ಹಾಗಾದರೆ ಹಸಿರಾಗಿ ಹೊಳೆಯುವ ಪ್ರೋಟೀನ್ ಜಿಎಫ್‌ಪಿಯ ಜೀನ್ ಜೋಡಿಸಿ ನೋಡೋಣ ಅಂತ ಹೊರಟೆ. ಕೆಟ್ಟಿದ್ದು ಅಲ್ಲೇ.

ಬೇಕಾದ ತುಂಡನ್ನು ನಕಲು ಮಾಡಲು ಪ್ರೈಮರ್ ಬರೆಯುವಾಗ ಪ್ರಮೋಟರ್ (ಎಂಆರ್‌ಎನ್‌ಎ ತಯಾರಿಯನ್ನು ಶುರುಮಾಡಿಸುವ ಭಾಗ) ಮಾತ್ರ ತೆಗೆದುಕೊಂಡೆ. ಎಂಆರ್‌ಎನ್‌ಎ ಶುರುವಾಗುವ ಜಾಗಕ್ಕೂ ಪ್ರೋಟೀನ್ ಶುರುವಾಗುವ ಗುರುತಾದ ಎಟಿಜಿಗೂ ನಡುವೆ ನೂರಕ್ಕೂ ಜಾಸ್ತಿ ಅಕ್ಷರಗಳಿವೆ. ಅದನ್ನು ಪೂರ್ತಿ ಬಿಟ್ಟೆ. ಪ್ರೋಟೀನ್ ಆಗದ ತುಂಡು, ಇದ್ದರೆಷ್ಟು ಬಿಟ್ಟರೆಷ್ಟು? ಜೀನ್ ಹೊತ್ತೊಯ್ಯುವ ವೆಕ್ಟರ್‌ನಲ್ಲಿ ರೈಬೋಸೋಮ್ (ಪ್ರೋಟೀನ್ ಕಟ್ಟುವ ಯಂತ್ರ) ಕೂರುವ ಜಾಗ ಹೇಗೂ ಇತ್ತಲ್ವಾ! ಪ್ಲೇಟ್ 30ರಲ್ಲೂ 37ರಲ್ಲೂ ಒಂದೇ ಥರ ಹೊಳೆಯಿತು. 'ತಾಪಮಾನದ ನಿಯಂತ್ರಣ ಇಲ್ಲ' ಅಂತ ವರದಿಯನ್ನೂ ಬರೆದುಬಿಟ್ಟೆ.

ನಾನು ಕತ್ತರಿಸಿ ಎಸೆದಿದ್ದು ಥರ್ಮಾಮೀಟರನ್ನೇ. ಆ ತುಂಡು ತಂಪಿನಲ್ಲಿ ತನ್ನ ಮೇಲೆ ತಾನೇ ಮಡಚಿಕೊಂಡು ರೈಬೋಸೋಮ್ ಕೂರುವ ಜಾಗವನ್ನು ಮುಚ್ಚಿಡುತ್ತದೆ. 37ಕ್ಕೆ ಬಂದಾಗ ಮಡಿಕೆ ಸಡಿಲವಾಗುತ್ತದೆ. ಪೂರ್ತಿ ಬಿಚ್ಚಬೇಕಿಲ್ಲ, ರೈಬೋಸೋಮ್‌ಗೆ ಜಾಗ ಸಿಕ್ಕರೆ ಸಾಕು. ಎಂಆರ್‌ಎನ್‌ಎ ಮೊದಲೇ ಇರುತ್ತದೆ, ಓದುವುದು ಮಾತ್ರ ಬಿಸಿಯಾದ ಮೇಲೆ. ಪಿಆರ್‌ಎಫ್‌ಎ ಪ್ರೋಟೀನ್ ತಯಾರಾದರೆ ಲಿಸ್ಟೀರಿಯೋಲೈಸಿನ್ ಎಂಬ ವಿಷದ ಜೀನಿನಂಥ ರೋಗದ ಜೀನ್‌ಗಳು ಎದ್ದು ಕೂರುತ್ತವೆ. ಲಿಸ್ಟೀರಿಯಾ ವಿಜ್ಞಾನಿ ಪ್ಯಾಸ್ಕಲ್ ಕೊಸಾರ್ ತಂಡ 2002ರಲ್ಲೇ ಇದನ್ನು ತೋರಿಸಿತ್ತು. ಅವರು ಈ ತುಂಡಿಗೆ ಜಿಎಫ್‌ಪಿ ಜೋಡಿಸಿ ಇ. ಕೋಲಿ ಎಂಬ ಬೇರೆ ಬ್ಯಾಕ್ಟೀರಿಯಾಕ್ಕೆ ಹಾಕಿದಾಗಲೂ 37ರಲ್ಲೇ ಹೊಳೆಯಿತು. ಅಂದರೆ ಲಿಸ್ಟೀರಿಯಾದ ಬೇರೆ ಪ್ರೋಟೀನ್ ಯಾವುದೂ ಬೇಕಿಲ್ಲ. ನಾನು ಅದನ್ನು ಓದಿದ್ದು ಎಂಟನೇ ತಿಂಗಳಲ್ಲಿ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ಎಂಆರ್‌ಎನ್‌ಎ ಇದ್ದ ಮಾತ್ರಕ್ಕೆ ಪ್ರೋಟೀನ್ ಇರಬೇಕು ಅಂತ ಯಾರು ಹೇಳಿದರು? ಎಂಆರ್‌ಎನ್‌ಎ ಅಳೆದದ್ದು ಸಾಕು, ಪ್ರೋಟೀನನ್ನೂ ಅಳೆಯಿರಿ. ಎಂಆರ್‌ಎನ್‌ಎ ತೆಗೆದ ಅದೇ ಕಲ್ಚರ್‌ನಿಂದ ಪ್ರೋಟೀನ್ ತೋರಿಸುವ ವೆಸ್ಟರ್ನ್ ಬ್ಲಾಟ್ ಮಾಡಿ. ಜಿಎಫ್‌ಪಿ ಜೋಡಿಸುವುದಾದರೆ ಆ ತುಂಡನ್ನು ಇಡಿಯಾಗಿ ಇಟ್ಟುಕೊಳ್ಳಿ, ಎಟಿಜಿ ಆದಮೇಲಿನ ಮೊದಲ 20 ಕೋಡಾನ್‌ಗಳನ್ನೂ (ಮೂರಕ್ಷರದ ಗುಂಪುಗಳನ್ನೂ) ಬಿಡಬೇಡಿ. ಆಮೇಲೆ ಮಡಿಕೆ ಕೆಡಿಸುವ ಒಂದು ಮ್ಯುಟೇಶನ್ ಮಾಡಿ ನೋಡಿ, 30ರಲ್ಲೇ ಹೊಳೆಯಬೇಕು.

ಪಕ್ಕದ ಬೆಂಚಿನವರು ಯೆರ್ಸಿನಿಯಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುತ್ತಿದ್ದರೆ ಇದನ್ನೇ ಸುಮ್ನೆ ನಕಲು ಮಾಡದಿರಲಿ. ಅಲ್ಲಿ ರೋಗದ ಜೀನ್‌ಗಳನ್ನು ಎಬ್ಬಿಸುವ ಎಲ್‌ಸಿಆರ್‌ಎಫ್‌ಗೆ ಇಂಥ ಮಡಿಕೆಯ ಜೊತೆಗೆ ವೈಎಂಒಎ ಪ್ರೋಟೀನಿನ ತಡೆಯೂ ಇದೆ. ತಂಪಿನಲ್ಲಿ ಎಂಆರ್‌ಎನ್‌ಎಯೇ ಕಡಿಮೆ ಆಗುತ್ತದೆ, ಹಾಗಾಗಿ ಅವರು ಎರಡನ್ನೂ ಅಳೆಯಬೇಕು.