ಕಾರ್ಡ್ ಪಾಯಿಂಟ್ಸ್‌ನಲ್ಲಿ ಬೆಂಗಳೂರಿನಿಂದ ಬಾರ್ಬಡೋಸ್‌ಗೆ ನಾಲ್ಕು ಟಿಕೆಟ್ ಮಾಡಿಸುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಗಂಡ, ಹೆಂಡತಿ, ಒಂಬತ್ತು ಮತ್ತು ಐದು ವರ್ಷದ ಇಬ್ಬರು ಮಕ್ಕಳು. ಕ್ರೆಡಿಟ್ ಕಾರ್ಡಿನಲ್ಲಿ ಮೂರು ಲಕ್ಷದಷ್ಟು ಪಾಯಿಂಟ್ಸ್ ಇವೆ. ಮುಂದಿನ ಬೇಸಿಗೆ ರಜೆಗೆ ಬಾರ್ಬಡೋಸ್‌ಗೆ ಹೋಗಬೇಕು. ಪಾಯಿಂಟ್ಸ್ ಎಲ್ಲವನ್ನೂ ಈಗಲೇ ಏರ್‌ಲೈನ್‌ಗೆ ವರ್ಗಾಯಿಸಿಬಿಡಲೇ?

ಬೇಡ. ನಾಲ್ಕು ಸೀಟು ಕಣ್ಣಿಗೆ ಕಾಣುವವರೆಗೆ ಒಂದು ಪಾಯಿಂಟನ್ನೂ ಕದಲಿಸಬೇಡಿ. ಬ್ಯಾಂಕಿನಿಂದ ಏರ್‌ಲೈನ್‌ಗೆ ಹೋದದ್ದು ಮತ್ತೆ ಬ್ಯಾಂಕಿಗೆ ಬರುವುದಿಲ್ಲ. ಆಮೇಲೆ ಟಿಕೆಟ್ ಮಾಡಿ ರದ್ದು ಮಾಡಿದರೂ ಮೈಲ್ಸ್ (ಏರ್‌ಲೈನ್‌ನವರ ಪಾಯಿಂಟ್ಸ್‌ಗೆ ಇರುವ ಹೆಸರು) ಆ ಏರ್‌ಲೈನ್ ಖಾತೆಗೇ ಮರಳುತ್ತವೆ, ಅಲ್ಲೇ ಕೂತು ಅವಧಿ ಮುಗಿಸಿಕೊಳ್ಳುತ್ತವೆ. ಖಾತೆಯಲ್ಲಿ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಬ್ರಿಟಿಷ್ ಏರ್‌ವೇಸ್‌ನ ಮೈಲ್ಸ್ ಆದ ಆವಿಯೋಸ್‌ಗೆ 36 ತಿಂಗಳು, ಏರ್ ಫ್ರಾನ್ಸ್-ಕೆಎಲ್‌ಎಂನ ಫ್ಲೈಯಿಂಗ್ ಬ್ಲೂ ಮೈಲ್ಸ್‌ಗೆ 24 ತಿಂಗಳು ಆಯುಸ್ಸು. ವರ್ಜಿನ್ ಅಟ್ಲಾಂಟಿಕ್‌ನ ಪಾಯಿಂಟ್ಸ್‌ಗೆ ಮಾತ್ರ ಅವಧಿಯ ಕಾಟವಿಲ್ಲ.

ಇನ್ನೊಂದು, ಮೂರು ಲಕ್ಷ ಪಾಯಿಂಟ್ಸ್ ಅಂದರೆ ಮೂರು ಲಕ್ಷ ಮೈಲ್ಸ್ ಅಲ್ಲ. ಕಾರ್ಡಿನಿಂದ ಕಾರ್ಡಿಗೆ, ಅದೇ ಕಾರ್ಡಿನಲ್ಲೂ ಏರ್‌ಲೈನ್‌ನಿಂದ ಏರ್‌ಲೈನ್‌ಗೆ ಅನುಪಾತ ಬೇರೆ. ಒಂದಕ್ಕೆ ಒಂದು ಇರಬಹುದು, ಎರಡು ಪಾಯಿಂಟ್‌ಗೆ ಒಂದು ಮೈಲ್ ಇರಬಹುದು. ಎರಡಕ್ಕೊಂದಾದರೆ ನಿಮ್ಮ ಕೈಯಲ್ಲಿರುವುದು ಒಂದೂವರೆ ಲಕ್ಷ. ವರ್ಷಕ್ಕೆ ಎಷ್ಟು ವರ್ಗಾಯಿಸಬಹುದು ಎಂಬ ಮಿತಿಯೂ ಇದೆ. ಆಕ್ಸಿಸ್ ಬ್ಯಾಂಕ್ ಏರ್‌ಲೈನ್‌ಗಳನ್ನು ಎರಡು ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ಮಿತಿ ಇಟ್ಟಿದೆ. ನಿಮ್ಮ ಕಾರ್ಡಿನ ಅನುಪಾತ, ಮಿತಿ, ಶುಲ್ಕ ಮೂರನ್ನೂ ಬ್ಯಾಂಕಿನ ರಿವಾರ್ಡ್ಸ್ ಪೇಜಿನಲ್ಲೇ ನೋಡಿ. ಯೂಟ್ಯೂಬ್ ವಿಡಿಯೋದಲ್ಲಿ ಹೇಳಿದ್ದು ಆ ಹೊತ್ತಿಗೆ ಹಳೆಯದಾಗಿರುತ್ತದೆ.

ಈಗ ದಾರಿ. ಬೆಂಗಳೂರಿನಿಂದ ಕೆರಿಬಿಯನ್‌ಗೆ ನೇರ ವಿಮಾನವಿಲ್ಲ. ಬಾರ್ಬಡೋಸ್‌ಗೆ ಸಹಜವಾದ ದಾರಿ ಲಂಡನ್. ಬ್ರಿಟಿಷ್ ಏರ್‌ವೇಸ್, ವರ್ಜಿನ್ ಅಟ್ಲಾಂಟಿಕ್ ಎರಡೂ ಬೆಂಗಳೂರಿನಿಂದ ಹೀಥ್ರೂಗೆ ನೇರ ಬರುತ್ತವೆ, ಎರಡೂ ಲಂಡನ್‌ನಿಂದ ಬಾರ್ಬಡೋಸ್‌ಗೆ ಹಾರುತ್ತವೆ. ಅಮೆರಿಕದ ಮೂಲಕವೂ ಹೋಗಬಹುದು. ಆದರೆ ಅಲ್ಲಿ ವಿಮಾನ ಬದಲಿಸುವುದಕ್ಕಷ್ಟೇ ಇಳಿದರೂ ಇಮಿಗ್ರೇಷನ್ ದಾಟಲೇಬೇಕು, ಅಂದರೆ ನಾಲ್ವರಿಗೂ ಅಮೆರಿಕದ ವೀಸಾ ಇರಲೇಬೇಕು. ಆಮ್‌ಸ್ಟರ್‌ಡ್ಯಾಮ್ ದಾರಿ ಸುಲಭ: ಕೆಎಲ್‌ಎಂ ವಿಮಾನ ಸಾಮಾನ್ಯವಾಗಿ ನಡುರಾತ್ರಿ ದಾಟಿದ ಮೇಲೆ ಬೆಂಗಳೂರು ಬಿಟ್ಟು ಬೆಳಿಗ್ಗೆ ಇಳಿಸುತ್ತದೆ, ವಿಮಾನ ನಿಲ್ದಾಣದ ಒಳಗೇ ವಿಮಾನ ಬದಲಿಸುವ ಭಾರತೀಯರಿಗೆ ಅಲ್ಲಿ ಟ್ರಾನ್ಸಿಟ್ ವೀಸಾ ಬೇಡ. ಆದರೆ ಅದು ಹೆಚ್ಚಾಗಿ ಕುರಾಸೊ, ಅರುಬಾದಂಥ ಡಚ್ ದ್ವೀಪಗಳ ದಾರಿ. ಅಲ್ಲಿಗೆ ನಮಗೆ ವೀಸಾ ಬೇಕು; ಅಮೆರಿಕ ಅಥವಾ ಷೆಂಗೆನ್‌ನ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ಚಾಲ್ತಿಯಲ್ಲಿರುವ ಮಲ್ಟಿಪಲ್ ಎಂಟ್ರಿ ವೀಸಾ ಇದ್ದವರಿಗೆ ವಿನಾಯಿತಿ. ಪ್ಯಾರಿಸ್ ಮೂಲಕ ಗ್ವಾಡಲೂಪ್, ಮಾರ್ಟಿನಿಕ್ ಕಡೆ ನೋಡುವವರಿಗೆ ಒಂದು ಎಚ್ಚರಿಕೆ: ಅವು ಫ್ರಾನ್ಸಿನ ಭಾಗವೇ ಆದರೂ ಷೆಂಗೆನ್ ವಲಯದ ಹೊರಗಿವೆ, ಮಾಮೂಲಿ ಷೆಂಗೆನ್ ವೀಸಾ ಅಲ್ಲಿ ನಡೆಯುವುದಿಲ್ಲ. ಬಾರ್ಬಡೋಸ್‌ನ ಅನುಕೂಲವೇ ಇದು: ಭಾರತದ ಪಾಸ್‌ಪೋರ್ಟಿಗೆ 90 ದಿನ ವೀಸಾ ಬೇಡ.

ಹಾಗಾದರೆ ವೀಸಾ ತಲೆನೋವೇ ಇಲ್ಲ ಅಂದುಕೊಳ್ಳಬೇಡಿ, ತಲೆನೋವು ಲಂಡನ್‌ನಲ್ಲಿದೆ. ಹೀಥ್ರೂನಲ್ಲಿ ಇಮಿಗ್ರೇಷನ್ ದಾಟದೆ ವಿಮಾನ ಬದಲಿಸುವುದಕ್ಕೂ ಭಾರತೀಯರಿಗೆ ಡೈರೆಕ್ಟ್ ಏರ್‌ಸೈಡ್ ಟ್ರಾನ್ಸಿಟ್ ವೀಸಾ ಬೇಕು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಒಂದರ ಚಾಲ್ತಿ ವೀಸಾ ಇದ್ದರೆ ಇದರಿಂದ ವಿನಾಯಿತಿ. ಬೆಂಗಳೂರಿನಲ್ಲಿ ಅಮೆರಿಕದ ಬಿ1/ಬಿ2 ಪ್ರವಾಸಿ ವೀಸಾ ಇರುವ ಮನೆಗಳು ಬೇಕಾದಷ್ಟಿವೆ, ಅವರು ಇಲ್ಲೇ ನಿಶ್ಚಿಂತರಾಗಿ ಎಡವುತ್ತಾರೆ. ಯಾಕೆಂದರೆ ಆ ವಿನಾಯಿತಿ ಇಮಿಗ್ರೇಷನ್ ದಾಟದೆ ನಿಲ್ದಾಣದ ಒಳಗೇ ಇರುವವರಿಗೆ. ಬ್ರಿಟಿಷ್ ಏರ್‌ವೇಸ್‌ನ ಹಲವು ಕೆರಿಬಿಯನ್ ವಿಮಾನಗಳು ಲಂಡನ್‌ನ ಇನ್ನೊಂದು ನಿಲ್ದಾಣವಾದ ಗ್ಯಾಟ್ವಿಕ್‌ನಿಂದ ಹೊರಡುತ್ತವೆ. ವೆಬ್‌ಸೈಟಿನಲ್ಲಿ ‘ಲಂಡನ್’ ಅಂತಷ್ಟೇ ನೋಡಿ ಬುಕ್ ಮಾಡಿದರೆ ಹೀಥ್ರೂನಲ್ಲಿ ಇಳಿದು, ಇಮಿಗ್ರೇಷನ್ ದಾಟಿ, ಲಗೇಜು ಎತ್ತಿಕೊಂಡು, ಬಸ್ಸಿನಲ್ಲಿ ಗ್ಯಾಟ್ವಿಕ್‌ಗೆ ಹೋಗಬೇಕಾಗುತ್ತದೆ. ಬೋರ್ಡಿಂಗ್ ಪಾಸ್ ಕೊಡುವ ಮುಂಚೆ, ಅದಕ್ಕೆ ಬೇಕಾದ ಬ್ರಿಟನ್ ವೀಸಾ ಇದೆಯೇ ಅಂತ ಕೆಂಪೇಗೌಡ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲೇ ಕೇಳುತ್ತಾರೆ. ಹಾಗಾಗಿ ವಿಮಾನ ನಿಲ್ದಾಣದ ಕೋಡ್ ನೋಡಿ: ಎಲ್‌ಎಚ್‌ಆರ್ ಹೀಥ್ರೂ, ಎಲ್‌ಜಿಡಬ್ಲ್ಯೂ ಗ್ಯಾಟ್ವಿಕ್.

ಹೀಥ್ರೂನಿಂದಲೇ ಹೊರಟರೂ ಸಮಯ ಕೂಡಿಬರಬೇಕಲ್ಲ. ಕೆರಿಬಿಯನ್ ವಿಮಾನಗಳು ಬಹುತೇಕ ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ಲಂಡನ್ ಬಿಡುತ್ತವೆ. ಬೆಂಗಳೂರಿನಿಂದ ಹೋದವರು ಇಳಿಯುವಷ್ಟರಲ್ಲಿ ಅದು ಹೋಗಿರುತ್ತದೆ ಎಂದಾದರೆ ಒಂದು ರಾತ್ರಿ ಲಂಡನ್‌ನಲ್ಲೇ. ಐದು ವರ್ಷದ ಮಗುವನ್ನು ಟರ್ಮಿನಲ್ ಕುರ್ಚಿಯಲ್ಲಿ ಮಲಗಿಸುವ ಆಲೋಚನೆ ಬಿಡಿ. ನಾಲ್ವರಿಗೂ ಬ್ರಿಟನ್ನಿನ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಮಾಡಿಸಿಬಿಡಿ, ಆ ಖರ್ಚನ್ನು ಟಿಕೆಟ್ ಲೆಕ್ಕಕ್ಕೇ ಸೇರಿಸಿ. ಮಕ್ಕಳಿಗೂ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ.

ಲಂಡನ್‌ನಲ್ಲಿ ನಿಲ್ಲುವ ಹೊತ್ತು 24 ಗಂಟೆಯೊಳಗಿದ್ದು, ಎಲ್ಲಾ ಒಂದೇ ಟಿಕೆಟ್‌ನಲ್ಲಿದ್ದರೆ ಅದು ಬರೀ ಕನೆಕ್ಷನ್. 24 ಗಂಟೆ ದಾಟಿದರೆ ಬ್ರಿಟನ್ನಿನ ಏರ್ ಪ್ಯಾಸೆಂಜರ್ ಡ್ಯೂಟಿ ಎಂಬ ತೆರಿಗೆ ಬೀಳುತ್ತದೆ. ಈ ದೂರಕ್ಕೆ ಎಕಾನಮಿಯಲ್ಲಿ ದೊಡ್ಡವರೊಬ್ಬರಿಗೆ ನೂರು ಪೌಂಡಿನ ಆಸುಪಾಸು. 16 ವರ್ಷದೊಳಗಿನ ಮಕ್ಕಳಿಗೆ ಎಕಾನಮಿಯಲ್ಲಿ ಇಲ್ಲ. ‘ಹೋಗ್ತಾ ಎರಡು ದಿನ ಲಂಡನ್ ನೋಡ್ಕೊಂಡು ಹೋಗೋಣ’ ಅನ್ನುವವರು ಈ ದುಡ್ಡು ಎಲ್ಲಿಂದ ಬಂತು ಅಂತ ಆಮೇಲೆ ತಲೆ ಕೆರೆದುಕೊಳ್ಳುತ್ತಾರೆ.

ಸೀಟು ಹುಡುಕುವ ವಿಚಾರಕ್ಕೆ ಬರೋಣ, ಕುಟುಂಬಕ್ಕೆ ನಿಜವಾದ ಕಷ್ಟ ಇಲ್ಲೇ. ಮೈಲ್ಸ್ ಸೀಟುಗಳನ್ನು ಏರ್‌ಲೈನ್‌ಗಳು ಒಂದೋ ಎರಡೋ ಬಿಡುತ್ತವೆ. ನಾಲ್ಕು ಜನ ಅಂತ ಹಾಕಿದರೆ ‘ಲಭ್ಯವಿಲ್ಲ’ ಅಂತ ಬರುತ್ತದೆ, ಇಲ್ಲವೇ ಮೈಲ್ಸ್ ದರ ದಿನಕ್ಕೊಂದು ಥರ ಇರುವ ಫ್ಲೈಯಿಂಗ್ ಬ್ಲೂನಂಥ ಕಡೆ ನಾಲ್ವರಿಗೂ ದುಬಾರಿ ದರವೇ ಬೀಳುತ್ತದೆ. ಮೊದಲು ಒಬ್ಬರಿಗೆ, ಆಮೇಲೆ ಇಬ್ಬರಿಗೆ, ಆಮೇಲೆ ನಾಲ್ವರಿಗೆ ಹುಡುಕಿ. ಇಬ್ಬರಿಗೆ ಅಗ್ಗ, ನಾಲ್ವರಿಗೆ ದುಬಾರಿ ಅಂತಾದರೆ ಒಬ್ಬ ದೊಡ್ಡವರು, ಒಂದು ಮಗು ಸೇರಿಸಿ ಎರಡು ಪಿಎನ್‌ಆರ್ ಮಾಡಿ. ಮಗುವನ್ನು ಒಂಟಿಯಾಗಿ ಬುಕ್ ಮಾಡಲು ಬಿಡುವುದಿಲ್ಲ. ಬುಕ್ ಆದ ಮೇಲೆ ಕಾಲ್ ಸೆಂಟರ್‌ಗೆ ಫೋನ್ ಮಾಡಿ ಎರಡೂ ಪಿಎನ್‌ಆರ್‌ಗಳಲ್ಲಿ ಪರಸ್ಪರ ನಮೂದು ಹಾಕಿಸಿ. ಹಾಕಿಸಿದರೂ ವಿಮಾನ ರದ್ದಾದಾಗ ಕಂಪ್ಯೂಟರ್ ಇಬ್ಬರನ್ನು ಒಂದು ವಿಮಾನಕ್ಕೆ, ಇನ್ನಿಬ್ಬರನ್ನು ಮರುದಿನಕ್ಕೆ ಹಾಕುವುದುಂಟು.

ಈ ಕಾರಣಕ್ಕೇ ನಾನಾದರೆ ಬ್ರಿಟಿಷ್ ಏರ್‌ವೇಸ್‌ನಿಂದ ಶುರು ಮಾಡುತ್ತೇನೆ. ಲಂಡನ್‌ನ ದೂರದ ಮಾರ್ಗಗಳ ಪ್ರತಿ ವಿಮಾನದಲ್ಲೂ ಕನಿಷ್ಠ 14 ಆವಿಯೋಸ್ ಸೀಟು ಬಿಡುತ್ತೇವೆ ಅಂತ ಅವರೇ ಖಾತರಿ ಕೊಟ್ಟಿದ್ದಾರೆ. ಅದರಲ್ಲಿ 8 ಎಕಾನಮಿ, 2 ಪ್ರೀಮಿಯಂ ಎಕಾನಮಿ, 4 ಬಿಸಿನೆಸ್. ಎಂಟು ಸೀಟು ಅಂದರೆ ನಾಲ್ಕು ಜನಕ್ಕೆ ಆಸೆ ಇಟ್ಟುಕೊಳ್ಳಬಹುದು. ಇವು ತೆರೆಯುವುದು ಪ್ರಯಾಣಕ್ಕೆ 355 ದಿನ ಮುಂಚೆ, ನಮ್ಮ ಬೆಳಗಿನ ಜಾವ ಐದೂವರೆಗೆ. ಮೇ 1ಕ್ಕೆ ಹೊರಡುವುದಾದರೆ ಹಿಂದಿನ ವರ್ಷದ ಮೇ 11ರ ಹೊತ್ತಿಗೆ ತೆರೆದಿರುತ್ತದೆ. ವಾಪಸ್ ಬರುವ ದಿನದ ಸೀಟು ಆಗ ಇನ್ನೂ ತೆರೆದಿರುವುದಿಲ್ಲ. ಹೋಗುವುದನ್ನು ಒನ್-ವೇ ಮಾಡಿ, ಎರಡು ವಾರ ಬಿಟ್ಟು ಬರುವುದನ್ನು ಇನ್ನೊಂದು ಒನ್-ವೇ ಮಾಡಿ. ಆವಿಯೋಸ್ ಲೆಕ್ಕದಲ್ಲಿ ನಷ್ಟವಿಲ್ಲ. ಬೆಂಗಳೂರು-ಬಾರ್ಬಡೋಸ್ ಅಂತ ಒಟ್ಟಿಗೆ ಹುಡುಕಿದಾಗ ಏನೂ ಬರದಿದ್ದರೆ ಗಾಬರಿ ಬೇಡ. ಬೆಂಗಳೂರು-ಹೀಥ್ರೂ, ಹೀಥ್ರೂ-ಬಾರ್ಬಡೋಸ್ ಬೇರೆ ಬೇರೆ ನೋಡಿ. ಎರಡರಲ್ಲೂ ಸೀಟಿದ್ದರೆ ಫೋನಿನಲ್ಲಿ ಒಂದೇ ಪಿಎನ್‌ಆರ್‌ಗೆ ಸೇರಿಸಿಕೊಡಿ ಅಂತ ಕೇಳಿ. ಎರಡು ಬೇರೆ ಟಿಕೆಟ್ ಮಾಡಿಕೊಂಡರೆ ಲಗೇಜು ಕೊನೆಯವರೆಗೆ ಹೋಗುತ್ತದೆಂಬ ನಂಬಿಕೆ ಬೇಡ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಜವಾಬ್ದಾರರಲ್ಲ.

ದುಡ್ಡಿನ ಲೆಕ್ಕ ಈಗ. ಮೈಲ್ಸ್ ಟಿಕೆಟ್ ಪುಕ್ಕಟೆಯಲ್ಲ. ತೆರಿಗೆ, ಸರ್‌ಚಾರ್ಜ್ ಕೈಯಿಂದ ಕಟ್ಟಬೇಕು, ಲಂಡನ್ ದಾರಿಯಲ್ಲಿ ಅದೇ ದೊಡ್ಡ ಮೊತ್ತ. ನಗದು ಟಿಕೆಟ್ ದರದಲ್ಲಿ ಈ ಮೊತ್ತ ಕಳೆದು, ಉಳಿದದ್ದನ್ನು ಮೈಲ್ಸ್‌ನಿಂದ ಭಾಗಿಸಿ. ಉದಾಹರಣೆಗೆ ಹೋಗಿಬರಲು ನಗದು 1,40,000 ರೂಪಾಯಿ, ಮೈಲ್ಸ್‌ನಲ್ಲಾದರೆ 1,00,000 ಆವಿಯೋಸ್ ಮತ್ತು 40,000 ರೂಪಾಯಿ ಅಂದುಕೊಳ್ಳಿ. ಒಂದು ಆವಿಯೋಸ್‌ಗೆ ಒಂದು ರೂಪಾಯಿ ಸಿಕ್ಕಿತು. ಕೇಳಲು ಚೆನ್ನಾಗಿದೆ. ಆದರೆ ನಿಮ್ಮ ಕಾರ್ಡಿನಲ್ಲಿ ಎರಡು ಪಾಯಿಂಟ್‌ಗೆ ಒಂದು ಆವಿಯೋಸ್ ಆಗಿದ್ದು, ಅದೇ ಬ್ಯಾಂಕಿನ ಪೋರ್ಟಲ್‌ನಲ್ಲಿ ವಿಮಾನ ಟಿಕೆಟ್‌ಗೆ ಪಾಯಿಂಟಿಗೆ ಒಂದು ರೂಪಾಯಿ ಕೊಡುತ್ತಿದ್ದರೆ? ಆ ಎರಡು ಲಕ್ಷ ಪಾಯಿಂಟ್ಸ್‌ಗೆ ಪೋರ್ಟಲ್‌ನಲ್ಲಿ ಎರಡು ಲಕ್ಷ ರೂಪಾಯಿಯ ಟಿಕೆಟ್ ಸಿಗುತ್ತಿತ್ತು, ವರ್ಗಾಯಿಸಿ ನೀವು ಉಳಿಸಿದ್ದು ಒಂದು ಲಕ್ಷ. ಇಂಥ ಕಾರ್ಡಿನವರು ಎಕಾನಮಿಗೆ ಮೈಲ್ಸ್ ಮಾಡುವುದು ದಂಡ.

ಬ್ರಿಟಿಷ್ ಏರ್‌ವೇಸ್ ಒಂದೇ ಸೀಟಿಗೆ ಹಲವು ಆಯ್ಕೆ ತೋರಿಸುತ್ತದೆ: ಹೆಚ್ಚು ಆವಿಯೋಸ್ ಕಡಿಮೆ ನಗದು, ಕಡಿಮೆ ಆವಿಯೋಸ್ ಹೆಚ್ಚು ನಗದು. ಪಕ್ಕಪಕ್ಕದ ಎರಡನ್ನು ಹೋಲಿಸಿ. 20,000 ಆವಿಯೋಸ್ ಹೆಚ್ಚಿಗೆ ಕೊಟ್ಟರೆ 15,000 ರೂಪಾಯಿ ಉಳಿಯುತ್ತದೆ ಅಂದರೆ ನೀವು ಒಂದನ್ನು 75 ಪೈಸೆಗೆ ಮಾರಿದ ಹಾಗೆ. ಒಪ್ಪಿಗೆಯಾದರೆ ಒತ್ತಿ, ಇಲ್ಲವಾದರೆ ಕೆಳಗಿನ ಸಾಲಿಗೆ ಇಳಿಯಿರಿ.

ಮಕ್ಕಳ ವಿಷಯದಲ್ಲಿ ಎರಡೂ ಕಡೆ ನಿಯಮ ಬೇರೆ. ಆವಿಯೋಸ್‌ನಲ್ಲಿ ಎರಡು ವರ್ಷ ದಾಟಿದ ಮಗುವಿಗೆ ಪೂರ್ತಿ ದರ. ಫ್ಲೈಯಿಂಗ್ ಬ್ಲೂನಲ್ಲಿ 2ರಿಂದ 11 ವರ್ಷದವರಿಗೆ ಮೈಲ್ಸ್‌ನಲ್ಲಿ ಶೇ 25 ರಿಯಾಯಿತಿ, ಅಂದರೆ ನಿಮ್ಮ ನಾಲ್ವರಿಗೆ ಮೂರೂವರೆ ಟಿಕೆಟಿನ ಮೈಲ್ಸ್ ಸಾಕು. ಬಾರ್ಬಡೋಸ್ ಹಟ ಇಲ್ಲದಿದ್ದರೆ, ಕೈಯಲ್ಲಿ ಮಲ್ಟಿಪಲ್ ಎಂಟ್ರಿ ಷೆಂಗೆನ್ ವೀಸಾ ಇದ್ದರೆ, ಕುರಾಸೊ ಕಡೆಯೂ ಒಮ್ಮೆ ನೋಡಿ.

ಸೀಟು ಸಿಕ್ಕಿತು, ಇನ್ನು ವರ್ಗಾವಣೆ. ಇದನ್ನು ಮಾಡುವ ಹೊತ್ತಿಗೆ ಖಾತೆ ಸಿದ್ಧವಾಗಿರಬೇಕು, ಆ ದಿನ ತೆರೆಯುವುದಲ್ಲ. ಕಾರ್ಡಿನ ಹೆಸರು, ಏರ್‌ಲೈನ್ ಖಾತೆಯ ಹೆಸರು ಒಂದೇ ಇರಬೇಕು. ನಮ್ಮ ಕಡೆಯ ಇನಿಷಿಯಲ್ ಹೆಸರುಗಳು ಇಲ್ಲಿ ಚೆನ್ನಾಗಿ ಕಾಡುತ್ತವೆ: ಕಾರ್ಡಿನಲ್ಲಿ ‘ಎಂ ಎಸ್ ರಮೇಶ’, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಊರು, ಅಪ್ಪನ ಹೆಸರು, ಮಗಳ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ. ಬ್ಯಾಂಕಿನಲ್ಲಿ ಹೆಸರು ಪಾಸ್‌ಪೋರ್ಟಿನಂತೆ ಮಾಡಿಸಿ, ಏರ್‌ಲೈನ್ ಖಾತೆಯನ್ನೂ ಹಾಗೇ ತೆರೆಯಿರಿ. ಸರ್‌ನೇಮ್ ಇಲ್ಲದ ಮಗುವಿಗೆ ಆ ಜಾಗದಲ್ಲಿ ಏನು ಹಾಕಬೇಕೆಂದು ಆ ಏರ್‌ಲೈನ್‌ನನ್ನೇ ಮೊದಲು ಕೇಳಿ. ಟಿಕೆಟ್ ಆದ ಮೇಲೆ ಹೆಸರು ತಿದ್ದಿಸುವುದು ದೊಡ್ಡ ರಗಳೆ. ಸೀಟು ಕಾಣುವವರೆಗೆ ಪಾಯಿಂಟ್ಸ್ ಕದಲಿಸಬೇಡಿ ಅಂದೆನಲ್ಲ, ಅದಕ್ಕೆ ಇದೊಂದೇ ವಿನಾಯಿತಿ: ವಾರಗಳ ಮುಂಚೆಯೇ ಕನಿಷ್ಠ ಮೊತ್ತದ ಪಾಯಿಂಟ್ಸ್ ಕಳಿಸಿ ಎಷ್ಟು ಹೊತ್ತಿಗೆ ಸೇರುತ್ತದೆ ನೋಡಿಕೊಳ್ಳಿ. ಕೆಲವು ತಕ್ಷಣ ಸೇರುತ್ತವೆ, ಕೆಲವಕ್ಕೆ ದಿನಗಳು ಬೇಕು, ಅಷ್ಟರಲ್ಲಿ ಸೀಟು ಬೇರೆಯವರ ಪಾಲು.

ನಾಲ್ವರಿಗೂ ಬೇರೆ ಬೇರೆ ಮೈಲ್ಸ್ ಬೇಕಿಲ್ಲ, ಒಬ್ಬರ ಖಾತೆಯಿಂದಲೇ ಎಲ್ಲರಿಗೂ ಟಿಕೆಟ್ ಮಾಡಬಹುದು. ಗಂಡ ಹೆಂಡತಿ ಇಬ್ಬರಲ್ಲೂ ಒಂದಿಷ್ಟಿದ್ದರೆ ಮಾತ್ರ ಬ್ರಿಟಿಷ್ ಏರ್‌ವೇಸ್‌ನ ಹೌಸ್‌ಹೋಲ್ಡ್ ಖಾತೆ ತೆರೆಯಿರಿ. ಒಂದೇ ವಿಳಾಸದ ಏಳು ಜನರವರೆಗೆ ಸೇರಬಹುದು. ಸೇರಿದ ಮೇಲೆ ಮನೆಯವರನ್ನು ಬಿಟ್ಟು, ಮೊದಲೇ ಪಟ್ಟಿಯಲ್ಲಿ ಹಾಕಿದ ಕೆಲವರಿಗಷ್ಟೇ ಟಿಕೆಟ್ ಮಾಡಲು ಸಾಧ್ಯ.

ಯಾವಾಗ ಹೋಗಬೇಕು? ನಿಮ್ಮ ಬೇಸಿಗೆ ರಜೆಯ ಆಯ್ಕೆ ಒಳ್ಳೆಯದು. ಡಿಸೆಂಬರ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಅಲ್ಲಿ ಸೀಸನ್, ಮೈಲ್ಸ್ ಸೀಟಿಗೆ ಬ್ರಿಟಿಷರ ನೂಕುನುಗ್ಗಲು. ಈಸ್ಟರ್ ರಜೆ ಮುಗಿದು ಬ್ರಿಟನ್ನಿನ ಶಾಲೆಗಳು ತೆರೆದ ಮೇಲೆ, ಅಂದರೆ ಏಪ್ರಿಲ್ ಕೊನೆಯಿಂದ ಮೇ ಮೂರನೇ ವಾರದವರೆಗೆ ನೋಡಿ. ಮೇ ಕೊನೆಯ ವಾರ ಅವರಿಗೆ ಮತ್ತೆ ಸಣ್ಣ ರಜೆ. ದಸರಾ ರಜೆಗೆ ಅಂತ ಮುಂದೂಡಬೇಡಿ: ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. 2024ರ ಜೂನ್ 29ರಂದು ಕೆನ್ಸಿಂಗ್ಟನ್ ಓವಲ್‌ನಲ್ಲಿ ಟಿ20 ವಿಶ್ವಕಪ್ ಗೆದ್ದ ನಮ್ಮ ತಂಡ, ನಮ್ಮ ದ್ರಾವಿಡ್ ಸಮೇತ, ಬೆರಿಲ್ ಚಂಡಮಾರುತದಿಂದ ವಿಮಾನ ನಿಲ್ದಾಣ ಮುಚ್ಚಿ ದಿನಗಟ್ಟಲೆ ಅಲ್ಲೇ ಸಿಕ್ಕಿಹಾಕಿಕೊಂಡಿತ್ತಲ್ಲ. ಅವರಿಗೆ ವಿಶೇಷ ವಿಮಾನ ಬಂತು.

ಲೆಕ್ಕ ಹಾಕಿದ ಮೇಲೆ ಪಾಯಿಂಟ್ಸ್ ನಾಲ್ವರಿಗೆ ಸಾಲದಿದ್ದರೆ ಹೋಗುವುದಕ್ಕೆ ಮೈಲ್ಸ್, ಬರುವುದಕ್ಕೆ ನಗದು ಅಂತ ಹಂಚಬೇಡಿ. ಇಂಥ ಏರ್‌ಲೈನ್‌ಗಳಲ್ಲಿ ಒನ್-ವೇ ನಗದು ದರ ಹೋಗಿಬರುವ ದರದ ಅರ್ಧಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಜನರನ್ನು ಹಂಚಿ. ನಗದು ಟಿಕೆಟಿನಲ್ಲಿ ಮಕ್ಕಳಿಗೆ ಸಾಮಾನ್ಯವಾಗಿ ಒಂದಿಷ್ಟು ರಿಯಾಯಿತಿ ಇರುತ್ತದೆ, ಆವಿಯೋಸ್‌ನಲ್ಲಿ ಇಲ್ಲ. ಆದ್ದರಿಂದ ಒಬ್ಬ ದೊಡ್ಡವರು, ಇಬ್ಬರು ಮಕ್ಕಳು ನಗದಿನಲ್ಲಿ, ಇನ್ನೊಬ್ಬರು ಅದೇ ವಿಮಾನಗಳಲ್ಲಿ ಆವಿಯೋಸ್‌ನಲ್ಲಿ. ಆವಿಯೋಸ್ ಸೀಟನ್ನೇ ಮೊದಲು ಮಾಡಿ: ಹೊರಡುವ 24 ಗಂಟೆ ಮುಂಚಿನವರೆಗೆ 35 ಪೌಂಡ್ ಕಟ್ಟಿ ರದ್ದು ಮಾಡಬಹುದು, ಅಗ್ಗದ ನಗದು ಟಿಕೆಟಿಗೆ ಆ ಸೌಲಭ್ಯ ಇರುವುದಿಲ್ಲ.