ಪಿಎಸ್‌ಎ 0.3: ಯಾವ ಪೆಟ್ ಸ್ಕ್ಯಾನ್ ಮಾಡಿಸಬೇಕು?

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ, ಸಕ್ಕರೆ ಕಾಯಿಲೆ ಇದೆ. ಎರಡು ವರ್ಷದ ಹಿಂದೆ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಆಪರೇಷನ್ ಮಾಡಿ ಗ್ರಂಥಿಯನ್ನು ಪೂರ್ತಿ ತೆಗೆದಿದ್ದಾರೆ. ಇಷ್ಟು ದಿನ ಸೊನ್ನೆಯ ಹತ್ತಿರವೇ ಇದ್ದ ಪಿಎಸ್‌ಎ ಈಗ 0.3ಕ್ಕೆ ಬಂದಿದೆ. ಡಾಕ್ಟರು ಪಿಎಸ್‌ಎಂಎ ಪೆಟ್ ಬರೆದುಕೊಟ್ಟಿದ್ದಾರೆ. ಚಿಕ್ಕಪ್ಪನ ಶ್ವಾಸಕೋಶದ ಕ್ಯಾನ್ಸರ್‌ಗೆ ಮಾಮೂಲಿ ಪೆಟ್ ಮಾಡಿಸಿದ್ದೆವು, ಖರ್ಚೂ ಕಡಿಮೆ. ಅದೇ ಆಗದೇ? ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೆ ನಿಶ್ಚಿಂತೆಯಿಂದ ಇರಬಹುದೇ?
– ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ಎರಡಕ್ಕೂ ಉತ್ತರ ‘ಇಲ್ಲ’. ಪೆಟ್ ಎಂದರೆ ವಿಕಿರಣಶೀಲ ಔಷಧ ಚುಚ್ಚಿ, ಅದು ದೇಹದಲ್ಲಿ ಎಲ್ಲಿ ಸೇರುತ್ತದೆಂದು ಚಿತ್ರ ತೆಗೆಯುವ ಸ್ಕ್ಯಾನ್. ಪಿಎಸ್‌ಎ ಎಂಬುದು ಪ್ರಾಸ್ಟೇಟ್ ಕೋಶಗಳು ತಯಾರಿಸುವ, ರಕ್ತದಲ್ಲಿ ಅಳೆಯುವ ಪ್ರೋಟೀನ್. ಪಿಎಸ್‌ಎಂಎ ಆ ಕ್ಯಾನ್ಸರ್ ಕೋಶಗಳ ಹೊರಪೊರೆಯ ಮೇಲಿರುವ ಬೇರೊಂದು ಪ್ರೋಟೀನ್.

ಮಾಮೂಲಿ ಪೆಟ್‌ನಲ್ಲಿ ಕೊಡುವುದು ಎಫ್‌ಡಿಜಿ, ಅಂದರೆ ವಿಕಿರಣಶೀಲ ಫ್ಲೋರಿನ್-18 ಅಂಟಿಸಿದ ಸಕ್ಕರೆಯಂಥ ವಸ್ತು. ಶ್ವಾಸಕೋಶದ ಕ್ಯಾನ್ಸರ್ ಸಕ್ಕರೆಯನ್ನು ಆತುರದಿಂದ ಎಳೆದುಕೊಳ್ಳುವುದರಿಂದ ಹೊಳೆಯುತ್ತದೆ. ಪ್ರಾಸ್ಟೇಟ್‌ನ ಜಾಡೇ ಬೇರೆ. ಆರೋಗ್ಯವಂತ ಪ್ರಾಸ್ಟೇಟ್ ಕೋಶ ಸತುವನ್ನು ತುಂಬಿಟ್ಟುಕೊಂಡಿರುತ್ತದೆ. ಆ ಸತು ಅಕೊನಿಟೇಸ್ ಎಂಬ ಕಿಣ್ವವನ್ನು ತಡೆಯುವುದರಿಂದ ಸಿಟ್ರೇಟ್ ಉರಿಯದೆ ಉಳಿದು, ಪ್ರಾಸ್ಟೇಟ್ ದ್ರವದ ಮೂಲಕ ವೀರ್ಯ ಸೇರುತ್ತದೆ. ಕ್ಯಾನ್ಸರ್ ಆದಾಗ ಕೋಶ ಸತುವನ್ನು ಕಳೆದುಕೊಳ್ಳುತ್ತದೆ, ಕೂಡಿಟ್ಟಿದ್ದ ಸಿಟ್ರೇಟನ್ನೇ ಉರಿಸಿಕೊಳ್ಳಲು ಶುರುಮಾಡುತ್ತದೆ. ಹೀಗಾಗಿ ಆರಂಭದ ಹಂತಗಳಲ್ಲಿ ಅದಕ್ಕೆ ಸಕ್ಕರೆಯ ಹಸಿವು ಅಷ್ಟಿಲ್ಲ. ಜೊತೆಗೆ ಎಫ್‌ಡಿಜಿ ಮೂತ್ರದಲ್ಲಿ ಹೊರಹೋಗುವಾಗ ಮೂತ್ರಕೋಶವೇ ಬೆಳಗಿ, ಅದರ ಕೆಳಗೆ ಗ್ರಂಥಿ ಇದ್ದ ಜಾಗವನ್ನು ಮರೆಮಾಡುತ್ತದೆ. ಕಾಯಿಲೆ ಹಾರ್ಮೋನ್ ಚಿಕಿತ್ಸೆಗೂ ಜಗ್ಗದೆ ಉಗ್ರವಾದಾಗ ಈ ಹಸಿವು ಹೆಚ್ಚುತ್ತದೆ. ಎಫ್‌ಡಿಜಿ ಉಪಯೋಗಕ್ಕೆ ಬರುವುದು ಆಗ. ಲ್ಯುಟೀಷಿಯಂ-177 ಪಿಎಸ್‌ಎಂಎ ಚಿಕಿತ್ಸೆಗೆ (ಪಿಎಸ್‌ಎಂಎ ಇರುವ ಕೋಶಗಳಿಗೆ ಅಂಟಿ ವಿಕಿರಣದಿಂದ ಕೊಲ್ಲುವ ಔಷಧ) ಮೊದಲು ಕೆಲವರಿಗೆ ಎರಡೂ ಸ್ಕ್ಯಾನ್ ಮಾಡಿಸುವುದು ಇದಕ್ಕೇ: ಎಫ್‌ಡಿಜಿಯಲ್ಲಿ ಹೊಳೆದು ಪಿಎಸ್‌ಎಂಎಯಲ್ಲಿ ಕಾಣದ ಗಡ್ಡೆಗೆ ಆ ಔಷಧ ತಲುಪುವುದಿಲ್ಲ.

ಪಿಎಸ್‌ಎಂಎ ಪೆಟ್ ಅಳೆಯುವುದು ಕೋಶದ ಹೊರಪೊರೆಯ ಮೇಲಿನ ಆ ಪ್ರೋಟೀನನ್ನು. ಚಯಾಪಚಯದ ಸ್ಕ್ಯಾನ್ ಎಂದು ಕರೆದರೂ ಇದು ಕಟ್ಟುನಿಟ್ಟಾಗಿ ಚಯಾಪಚಯವಲ್ಲ. ಲಾಲಾರಸ ಗ್ರಂಥಿ, ಕಣ್ಣೀರ ಗ್ರಂಥಿ, ಮೂತ್ರಪಿಂಡ, ಸಣ್ಣ ಕರುಳು ಎಲ್ಲರಲ್ಲೂ ಹೊಳೆಯುತ್ತವೆ. ಚಿತ್ರ ನೋಡಿ ಗಾಬರಿಯಾಗಬೇಡಿ.

ಈಗ 0.3ರ ವಿಷಯ. ಇನ್ನೊಮ್ಮೆ, ಅದೇ ಲ್ಯಾಬಿನಲ್ಲಿ, ಪಿಎಸ್‌ಎ ಮಾಡಿಸಿ. ಆಪರೇಷನ್ ಆದವರಲ್ಲಿ 0.2 ಅಥವಾ ಹೆಚ್ಚು ಎಂದು ಎರಡು ಸಲ ಬಂದರೆ ಕಾಯಿಲೆ ಮರುಕಳಿಸಿದೆ ಎಂದು ಲೆಕ್ಕ. 2019ರಲ್ಲಿ ಪ್ರಕಟವಾದ, 635 ಜನರ ಗ್ಯಾಲಿಯಂ-68 ಪಿಎಸ್‌ಎಂಎ ಅಧ್ಯಯನದಲ್ಲಿ ಪಿಎಸ್‌ಎ 0.5ಕ್ಕಿಂತ ಕಡಿಮೆ ಇದ್ದವರಲ್ಲಿ ಕಾಯಿಲೆಯ ಜಾಗ ಸಿಕ್ಕಿದ್ದು ಶೇ 38 ಮಂದಿಗೆ. 0.5ರಿಂದ 1ರ ನಡುವೆ ಶೇ 57, 1ರಿಂದ 2ರ ನಡುವೆ ಶೇ 84. ನಾಲ್ಕೈದು ಮಿಲಿಮೀಟರಿಗಿಂತ ಚಿಕ್ಕ ಗಡ್ಡೆ ಯಂತ್ರದ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಆದ್ದರಿಂದ ಸ್ಕ್ಯಾನ್ ಖಾಲಿ ಬಂದರೆ ಕಾಯಿಲೆ ಇಲ್ಲ ಎಂದಲ್ಲ, ಇನ್ನೂ ಸಣ್ಣದಿರಬಹುದು ಎಂದು ಮಾತ್ರ.

‘ಹಾಗಾದರೆ ಪಿಎಸ್‌ಎ ಏರಲಿ, ಚೆನ್ನಾಗಿ ಕಂಡಮೇಲೆ ನೋಡೋಣ’ ಎಂದು ಕಾಯುವ ಮನೆಗಳು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ಮರುಕಳಿಸಿದ ಕಾಯಿಲೆಗೆ ಕೊಡುವ ರೇಡಿಯೇಷನ್ ಚೆನ್ನಾಗಿ ಕೆಲಸ ಮಾಡುವುದು ಪಿಎಸ್‌ಎ ಕಡಿಮೆ ಇರುವಾಗಲೇ, ಮುಖ್ಯವಾಗಿ 0.5 ದಾಟುವ ಮೊದಲು. ಸ್ಕ್ಯಾನಿಗೆ ಹೋಗುವ ಮುಂಚೆಯೇ ಡಾಕ್ಟರನ್ನು ಕೇಳಿ: ಏನೂ ಕಾಣದಿದ್ದರೂ ರೇಡಿಯೇಷನ್ ಕೊಡುತ್ತೀರಾ? ದುಗ್ಧಗ್ರಂಥಿಯಲ್ಲಿ ಕಂಡರೆ ಏನು ಬದಲಾಗುತ್ತದೆ? ಹಾರ್ಮೋನ್ ಇಂಜೆಕ್ಷನ್ ಶುರುಮಾಡುವ ಯೋಚನೆ ಇದ್ದರೆ, ಸಾಧ್ಯವಾದರೆ ಸ್ಕ್ಯಾನ್ ಮೊದಲು ಆಗಲಿ. ತಿಂಗಳುಗಟ್ಟಲೆ ಚಿಕಿತ್ಸೆ ನಡೆದರೆ ಗಡ್ಡೆ ಕುಗ್ಗಿ ಕಾಣದೇ ಹೋಗಬಹುದು. ಈಗಾಗಲೇ ನಡೆಯುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ, ತಿಳಿಸಿದರೆ ಸಾಕು.

ಪಿಎಸ್‌ಎಂಎಗೆ ಉಪವಾಸ ಬೇಕಿಲ್ಲ. ತಂದೆಯವರು ತಿಂಡಿ ತಿಂದು, ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ಎಂದಿನಂತೆ ತೆಗೆದುಕೊಂಡೇ ಬರಬಹುದು. (ಎಫ್‌ಡಿಜಿಗಾದರೆ ಆರು ಗಂಟೆ ಉಪವಾಸ ಬೇಕು.) ಅರ್ಧ ಲೀಟರ್ ನೀರು ಕುಡಿಸಿ. ಇಂಜೆಕ್ಷನ್ ಆದ ಸುಮಾರು ಒಂದು ಗಂಟೆಗೆ, ಕೆಲವು ಔಷಧಗಳಿಗೆ ಒಂದೂವರೆ-ಎರಡು ಗಂಟೆಗೆ ಸ್ಕ್ಯಾನ್. ಟೇಬಲ್ ಹತ್ತುವ ಮುಂಚೆ ಮೂತ್ರಕೋಶ ಪೂರ್ತಿ ಖಾಲಿ ಮಾಡಲೇಬೇಕು, ಏಕೆಂದರೆ ಕಾಯಿಲೆ ಮರಳುವ ಸಾಮಾನ್ಯ ಜಾಗಗಳಲ್ಲೊಂದು ಮೂತ್ರಕೋಶ ಮತ್ತು ಮೂತ್ರನಾಳ ಹೊಲಿದು ಕೂಡಿಸಿದ ಕಡೆ. ಕಾಂಟ್ರಾಸ್ಟ್ (ಸಿ.ಟಿ. ಚಿತ್ರ ಸ್ಪಷ್ಟವಾಗಲು ಕೊಡುವ ದ್ರವ) ಕೊಡುವುದಿದ್ದರೆ ಇತ್ತೀಚಿನ ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ವರದಿ ಕೇಳುತ್ತಾರೆ.

ಹೊತ್ತಿಗೆ ಸರಿಯಾಗಿ ಹೋಗಿ. ಗ್ಯಾಲಿಯಂ-68 ಪ್ರತಿ 68 ನಿಮಿಷಕ್ಕೆ ಅರ್ಧವಾಗುತ್ತದೆ, ಫ್ಲೋರಿನ್-18 110 ನಿಮಿಷಕ್ಕೆ. ನಿಮ್ಮ ಸಮಯಕ್ಕೆಂದು ಅಳೆದಿಟ್ಟ ಡೋಸ್, ನೀವು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಸಿಕ್ಕಿಕೊಂಡರೆ, ಗ್ಯಾಲಿಯಂ ಆದರೆ ಹತ್ತಿರಹತ್ತಿರ ಅರ್ಧ, ಫ್ಲೋರಿನ್ ಆದರೆ ಮೂರನೇ ಒಂದು ಪಾಲು ಕರಗಿರುತ್ತದೆ. ಚಿತ್ರ ಮಸುಕಾಗಬಹುದು, ಇಲ್ಲವೇ ಬೇರೆ ದಿನಕ್ಕೆ ಹೋಗಬಹುದು.

ಪ್ರಶ್ನೆ: ನನ್ನ ಪಿಎಸ್‌ಎಂಎ ವರದಿಯಲ್ಲಿ ‘ಬಲಗಡೆಯ ಐದನೇ ಪಕ್ಕೆಲುಬಿನಲ್ಲಿ ಅಲ್ಪ ಹೊಳಪು’ ಎಂದಿದೆ. ಮೂಳೆಗೆ ಹರಡಿದೆಯೇ?
– ಓದುಗರೊಬ್ಬರು, ಜಯನಗರ

ಉತ್ತರ: ಒಂದೇ ಪಕ್ಕೆಲುಬು, ಮಂದ ಹೊಳಪು, ಸಿ.ಟಿ.ಯಲ್ಲಿ ಅದೇ ಜಾಗದಲ್ಲಿ ಬದಲಾವಣೆ ಇಲ್ಲ – ಹೀಗಿದ್ದರೆ ಬಹುಪಾಲು ಕ್ಯಾನ್ಸರ್ ಅಲ್ಲ. ಹಳೆಯ ಪೆಟ್ಟು, ಕೂಡಿಕೊಳ್ಳುತ್ತಿರುವ ಬಿರುಕು ಕೂಡ ಹೊಳೆಯುತ್ತವೆ. ಔಷಧ ಯಾವುದೆಂದು ವರದಿಯ ಮೊದಲ ಸಾಲುಗಳಲ್ಲಿ ನೋಡಿ. ಪಿಎಸ್‌ಎಂಎ-1007 ಪಿತ್ತದ ಮೂಲಕ ಹೊರಹೋಗುವುದರಿಂದ ಮೂತ್ರಕೋಶದ ಸುತ್ತ ಸ್ಪಷ್ಟ ಚಿತ್ರ ಕೊಡುತ್ತದೆ, ಆದರೆ ಮೂಳೆಗಳಲ್ಲಿ ಕಾರಣವಿಲ್ಲದ ಹೊಳಪು ತೋರಿಸುವುದು ಅದರ ತಿಳಿದ ದೋಷ. ಎಸ್‌ಯುವಿ (ಹೊಳಪಿನ ಅಳತೆ) ಅಂಕಿಯನ್ನು ಬೇರೆ ಔಷಧದಲ್ಲಿ, ಬೇರೆ ಯಂತ್ರದಲ್ಲಿ ಮಾಡಿದ ಸ್ಕ್ಯಾನಿನ ಅಂಕಿಗೆ ಹೋಲಿಸಬೇಡಿ.

ಆ ಒಂದು ಚುಕ್ಕೆಯನ್ನು ನಂಬಿ ಗುಣಪಡಿಸಬಹುದಾದ ಚಿಕಿತ್ಸೆಯನ್ನು ಕೈಬಿಟ್ಟರೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ. ಅನುಮಾನ ಉಳಿದರೆ ಆ ಜಾಗದ ಎಂ.ಆರ್.ಐ., ಕೆಲವು ತಿಂಗಳ ನಂತರ ಮರುಸ್ಕ್ಯಾನ್, ಚಿಕಿತ್ಸೆಯ ದಾರಿಯೇ ಬದಲಾಗುವಂತಿದ್ದರೆ ಬಯಾಪ್ಸಿ. ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಫಿಲ್ಮ್ ಸಾಲದು. ಡೈಕಾಮ್ ರೂಪದ (ಕಂಪ್ಯೂಟರಿನಲ್ಲಿ ನೋಡುವ ಮೂಲ ಚಿತ್ರಗಳ) ಸಿ.ಡಿ., ಪಿಎಸ್‌ಎ ವರದಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಆಪರೇಷನ್‌ನ ಬಯಾಪ್ಸಿ ವರದಿಯ ಜೊತೆ ಒಯ್ಯಿರಿ.